ಬಾಗದ ಶಾಫ್ಟು

ಅಣ್ಣಾ,

ಇವತ್ತು ನಿನ್ನ ಹಳೇ ಪಿಕಪ್ಪಿಗೆ ಹೊಸ ಸ್ಟೀರಿಂಗ್ ಶಾಫ್ಟು ಹಾಕಿಸಿದೆವು. ಬಂಪರು, ಬಾನೆಟ್ಟು ಹೋದ ತಿಂಗಳೇ ಸರಿಯಾಗಿದ್ದವು. ಮಾರಿಬಿಡೋಣ ಅಂದೆ, ಅತ್ತಿಗೆ ಒಪ್ಪಲಿಲ್ಲ. "ಅವರು ರಜಾ ದಿನವೆಲ್ಲ ಕೂತು ರೆಡಿ ಮಾಡಿದ ಗಾಡಿ. ನಾನೇ ಓಡಿಸ್ತೀನಿ" ಅಂದರು.

ಮೇಸ್ತ್ರಿ ಹಳೆಯ ಶಾಫ್ಟನ್ನು ಬಿಚ್ಚಿ ನೆಲದ ಮೇಲಿಟ್ಟ. ಸ್ಟೀರಿಂಗ್ ಚಕ್ರದಿಂದ ಕೆಳಗಿನವರೆಗೆ ಉದ್ದಕ್ಕೂ ಒಂದೇ ಕಬ್ಬಿಣದ ಸರಳು. ಗಾಡಿ ಮರಕ್ಕೆ ಗುದ್ದಿದಾಗ ಅದು ಎಲ್ಲೂ ಬಾಗದೆ ನೇರ ನಿನ್ನ ಎದೆಗೇ ಬಂದಿತ್ತು. ಹೊಸದು ಎರಡು ತುಂಡಿನದು. ಗುದ್ದಿದರೆ ಏನಾಗುತ್ತೆ ಅಂತ ಮೇಸ್ತ್ರಿ ಒತ್ತಿ ತೋರಿಸಿದ. ಒಂದರೊಳಗೊಂದು ಸರಿದು ಗಿಡ್ಡವಾಯಿತು.

"ಇದನ್ನ ಮೊದಲೇ ಹಾಕಬಹುದಿತ್ತಾ?" ಅತ್ತಿಗೆ ಕೇಳಿದರು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದ. "ಹಾಕಬಹುದಿತ್ತಮ್ಮ. ಅರ್ಧ ದಿನದ ಕೆಲಸ. ಹೇಳಿದ್ದೆ ಕೂಡ. ನಿಮ್ಮ ಯಜಮಾನ್ರೇ ಹಳೇ ಗಾಡೀಲಿ ಹಳೇ ಸಾಮಾನೇ ಇರಬೇಕು ಅಂದ್ರು."

ನಾನು ಬೇರೆ ಕಡೆ ನೋಡಿದೆ. ಹಳೇ ಶಾಫ್ಟು ಏನು ಮಾಡಲಿ ಅಂತ ಮೇಸ್ತ್ರಿ ಕೇಳುತ್ತಿದ್ದಂತೆ ಅತ್ತಿಗೆ ಹೋಗಿ ಗಾಡಿ ಹತ್ತಿದರು. ಸ್ಟೀರಿಂಗು ಈಗ ಹಗುರಾಗಿ ತಿರುಗುತ್ತದೆ. ಆ ಮರದ ಹತ್ತಿರ ಅವರು ವೇಗ ತಗ್ಗಿಸಲಿಲ್ಲ.

ಗಾಡಿಯ ಸದ್ದು ಕೇಳಿ ಅಮ್ಮ ನೀನಿದ್ದಾಗಿನ ಹಾಗೇ ಒಳಗಿಂದ ಓಡೋಡಿ ಬಂದು ಗೇಟು ತೆಗೆದಳು. ಡ್ರೈವರ್ ಸೀಟಿನ ಕಡೆ ನೋಡಿದವಳು ಗೇಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಅತ್ತಿಗೆ ಇಂಜಿನ್ ಆರಿಸಿದರು.

"ನಾನೇ, ಅತ್ತೆ," ಅಂದರು.