ಆರು ಫೂಟಿನ ಸಾಲಿನಲ್ಲಿ ಟಿಣ್ ಟಿಣ್

ಪ್ರೀತಿಯ ನೇಮಣ್ಣ ಕಾಕಾ,

ಇಹಲೋಕ ಪರಲೋಕಗಳೆರಡರ ಸಮಸ್ತ ನಾಗರಿಕರ ಗಮನಕ್ಕೆ ತರುವುದೇನೆಂದರೆ, ನಿನ್ನ ನಾಲ್ಕು ಗಾಲಿಯ ಗಾಡಿಯಿಂದ ಹೊರಡುತ್ತಿದ್ದ ‘ಟಿಣ್’ ಎಂಬ ಸಪ್ಪಳದ ಮೂಲವನ್ನು ಪತ್ತೆ ಹಚ್ಚಲು ರಚನೆಯಾಗಿದ್ದ ಏಕಸದಸ್ಯ ತನಿಖಾ ಆಯೋಗವು ತನ್ನ ಕೆಲಸ ಮುಗಿಸಿದೆ. ಆಯೋಗದ ಅಧ್ಯಕ್ಷ ನಾನೇ, ಕಾರ್ಯದರ್ಶಿಯೂ ನಾನೇ. ಆಯೋಗದ ಬೆನ್ನಿಗಿದ್ದ ಬಿಳಿ ಅಂಗಿಯೂ ನನ್ನದೇ. ಅದು ಇನ್ನು ಯಾವ ಸೋಪಿಗೂ ಬಗ್ಗುವುದಿಲ್ಲ. ವರದಿಯನ್ನು ಯಾರಿಗೆ ಸಲ್ಲಿಸಬೇಕೆಂದು ಬಹಳ ಯೋಚಿಸಿದೆ. ಗಾಡಿ ಕಟ್ಟಿದವನಿಗೇ ಸಲ್ಲಿಸಬೇಕಲ್ಲವೇ? ಅವನು ತೀರಿಕೊಂಡು ವರ್ಷವಾಗುತ್ತ ಬಂತು ಎನ್ನುವುದು ತಾಂತ್ರಿಕ ಅಡಚಣೆ, ಅಷ್ಟೇ.

ನೀನು ಹೋದ ಮೂರನೇ ದಿನ ನಿಮ್ಮ ಮನೆಯ ಕಟ್ಟೆಯ ಮೇಲೆ ತೆಲಸಂಗದ ಅರ್ಧ ಊರು ಕೂತಿತ್ತು. ಯಾರೋ ಹಿರಿಯರು ನನ್ನ ಕಡೆ ಬೆರಳು ಮಾಡಿ, “ನೇಮಣ್ಣ ಹ್ವಾದ ಖರೆ, ಆದ್ರ ವಿದ್ಯಾ ಎಲ್ಲಾ ಇಂವಗ ಕೊಟ್ಟ ಹೋಗ್ಯಾನ” ಅಂದರು. ಕಾಕಾ, ನಿನಗೆ ಸತ್ಯ ಗೊತ್ತು. ನಲವತ್ತೆರಡು ವಯಸ್ಸಿನ ನಾನು ಆರು ವರ್ಷ ದಿನಾ ಸಂಜೆ ನಿನ್ನ ಶೆಡ್ಡಿಗೆ ಬಂದದ್ದು ಚಹಾಕ್ಕೆ, ಮತ್ತು ವಾರಕ್ಕೊಂದು ನಗೆಬರಹಕ್ಕೆ ಬೇಕಾದ ಸರಕಿಗೆ. ಬದಲಿಗೆ ನೀನು ಗಾಡಿಯ ಅಡಿ ಮಲಗಿದಾಗ ಬ್ಯಾಟರಿ ಬೆಳಕು ಹಿಡಿಯುತ್ತಿದ್ದೆ. ಪಿಸ್ಟನ್ ಎಂಬುದು ನನಗೆ ಒಂದು ಪದ ಮಾತ್ರ; ಅದರ ಮುಖ ನೋಡಿದವನಲ್ಲ. ಅಲ್ಲಗಳೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಪದ್ಮಾ ಕಾಕು ನನ್ನ ಕಡೆ ನೋಡಿದಳು. ಗಂಡನನ್ನು ಕಳೆದುಕೊಂಡ ಹೆಂಗಸು ಹಾಗೆ ನೋಡಿದರೆ ಯಾವ ಗಂಡಸು ತಾನೇ… ನಾನು ತಲೆಯಾಡಿಸಿದೆ. ಬೋನಿನ ಬಾಗಿಲು ಅಲ್ಲಿಯೇ ಬಿತ್ತು.

ದ್ರಾಕ್ಷಿ ನಾಟಿ ಮಾಡಿದ ವರ್ಷ ನೆನಪಿದೆಯೇ? ಊರೆಲ್ಲ ಸಾಲಿನಿಂದ ಸಾಲಿಗೆ ಒಂಬತ್ತು ಫೂಟು ಬಿಡು ಅಂದಿತ್ತು. “ನಡುವ ಅಷ್ಟ ಜಾಗಾ ಬಿಟ್ಟ ಏನ್ ಮಾಡ್ಲಿ, ಕಬಡ್ಡಿ ಆಡ್ಲ್ಯಾ?” ಎಂದು ನೀನು ಆರೇ ಫೂಟು ಬಿಟ್ಟೆ. ಬಳ್ಳಿ ಬೆಳೆದು ತಂತಿ ಹಿಡಿದ ಮೇಲೆ ಔಷಧಿ ಹೊಡೆಯುವ ಟ್ರ್ಯಾಕ್ಟರು ಬಂದು, ಸಾಲಿನ ಬಾಯಲ್ಲಿ ನಿಂತು, ಮೂಸಿ ನೋಡಿ ಹೊರಟುಹೋಯಿತು. ತಪ್ಪಾಯಿತು ಎಂದು ಒಪ್ಪಿಕೊಂಡೆಯಾ? ನೀನು ಒಪ್ಪುವುದುಂಟೇ? ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನು, ಎರಡು ಸ್ಕೂಟರುಗಳ ಮುಂಗಾಲಿ, ಟ್ರ್ಯಾಕ್ಟರಿನ ಸೀಟು, ಹಿಂದೆ ಇನ್ನೂರು ಲೀಟರಿನ ಟಾಕಿ, ಎಲ್ಲವನ್ನೂ ಕೂಡಿಸಿ ಆರು ಫೂಟಿನಲ್ಲಿ ಹಾಯುವ ಗಾಡಿಯನ್ನೇ ಕಟ್ಟಿದೆ. ರಿವರ್ಸ್ ಎಲ್ಲಿ ಎಂದು ನಾನು ಕೇಳಿದಾಗ ನೀನು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ: “ಹಿಂದ ಬರೂದ ಯಾಕ ಬೇಕಲೇ? ಸಾಲಿನ್ಯಾಗ ಹೊಕ್ಕಾಂವ ಆ ತುದೀಗೇ ಹೊರಗ ಬೀಳಬೇಕು.”

ಮೊಣಕಾಲು ಹಿಡಿದ ಕಾಕುಗೆ ನೀನು ಅದನ್ನು ನಡೆಸಲು ಕಲಿಸಿದ ದಿನ ನಾನು ಬದುವಿನ ಮೇಲೆ ಕೂತು ನಕ್ಕಿದ್ದೆ. ನೀನು ಹೋದ ಮೇಲೆ ನಗುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗ್ಲೋವ್ಸ್ ಹಾಕಿ, ಒಬ್ಬಳೇ ಇಡೀ ದ್ರಾಕ್ಷಿ ಪಡಕ್ಕೆ ಔಷಧಿ ಹೊಡೆದಳು. ಆಳು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ರೋಗ ತರುವ ಮಂಜು ಬಿದ್ದ ಮುಂಜಾನೆ ಎಲ್ಲರ ಪಡಕ್ಕೂ ಒಂದೇ ದಿನ ಆಳು ಬೇಕಾಗುತ್ತದೆ, ಸಿಗುವುದೆಲ್ಲಿಂದ? ಕಾಕುಗೆ ಅವಳ ಕಾಲು ಅಂದರೆ ಆ ಗಾಡಿ. ಮೊನ್ನೆ ಚಾಟನಿ ಮುಗಿದು, ಕತ್ತರಿಸಿದ ಬಳ್ಳಿಯಲ್ಲಿ ಹೊಸ ಕುಡಿ ಒಡೆದು, ಮಂಜು ಇಳಿಯಲು ಶುರುವಾದ ವಾರದಲ್ಲೇ ಆ ಕಾಲು ಮಾತಾಡಿತು.

“ಟಿಣ್ ಅನ್ನಾಕತ್ತೈತಿ,” ಎಂದಳು ಕಾಕು, ನನ್ನ ಮನೆ ಬಾಗಿಲಿಗೆ ಬಂದು. “ನಿಮ್ಮ ಕಾಕಾ ಕಲಿಸ್ಯಾನಲ್ಲ, ಬಂದ ನೋಡು.”

ನಾನು ಬಂದೆ. ನಿನ್ನ ಹಾಗೆಯೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಕೆಯನ್ನು ಕಿವಿಯ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿದೆ. ಕೇಳಿಸಿದ್ದು ನನ್ನದೇ ಎದೆಬಡಿತ. ಗಂಭೀರವಾಗಿ ಎದ್ದು, “ಒಳಗಿನದ ಐತಿ,” ಎಂದೆ. ಕಾಕಾ, ನಿನ್ನ ಕಸುಬಿನಲ್ಲಿ ಇದಕ್ಕಿಂತ ಸುರಕ್ಷಿತವಾದ ವಾಕ್ಯ ಇನ್ನೊಂದಿದೆಯೇ?

ಗಾಡಿಯನ್ನು ಟೆಂಪೋದಲ್ಲಿ ಹೇರಿ ಅಥಣಿಗೆ, ನಿನ್ನ ಗೆಳೆಯ ಗೌಸನ ಗ್ಯಾರೇಜಿಗೆ ಒಯ್ದೆವು. ಅಲ್ಲಿ ಗಾಡಿ ಬಸದಿಯಲ್ಲಿ ಕೂತ ಶ್ರಾವಕನಂತೆ ಮೌನ. ಒಂದು ಟಿಣ್ ಇಲ್ಲ. ಗೌಸ ಆದರೂ ಎಂಜಿನ್ನಿನ ತಲೆ ಬಿಚ್ಚಿ, ಏನೋ ತಿದ್ದಿ ಕಳಿಸಿದ. ಪಡಕ್ಕೆ ಬಂದೊಡನೆ ಟಿಣ್. ಮತ್ತೆ ಅಥಣಿ, ಮತ್ತೆ ಮೌನ, ಮತ್ತೆ ತಲೆ ಬಿಚ್ಚುವಿಕೆ. ಕೊನೆಗೆ ಸಪ್ಪಳವನ್ನು ಫೋನಿನಲ್ಲಿ ಹಿಡಿದು ನಿಪ್ಪಾಣಿಯ ಒಬ್ಬ ತಜ್ಞರಿಗೆ ಕಳಿಸಿದೆ. ಅವರು ಕೇಳಿದ್ದು ಅರ್ಧ ನಿಮಿಷವೂ ಅಲ್ಲ. “ಕನೆಕ್ಟಿಂಗ್ ರಾಡ್ ಹೋಗೇತ್ರಿ. ಇನ್ನ ಹತ್ತ ಮಾರು ಓಡಿಸಿದ್ರ ಎಂಜಿನ್ ಒಡಕೊಂಡ ಹೊರಗ ಬರತೈತಿ, ನಿಮ್ಮ ಕಾಲ ಹುಷಾರ.”

ಆ ಮಾತು ಊರಲ್ಲಿ ಹರಡಿ ಏಕಸಂಬಿಯವರೆಗೂ ಮುಟ್ಟಿತು. ಅಂದು ಸಂಜೆಯೇ ಅಲ್ಲಿಂದ ನಿನ್ನ ತಮ್ಮ ಸುರೇಂದ್ರನ ಫೋನು. ಕಾಕು ಸ್ಪೀಕರ್ ಹಚ್ಚಿಯೇ ಮಾತಾಡುತ್ತಾಳೆ, ಗೊತ್ತಲ್ಲ; ಕೇಳದಿರಲು ನನಗೆ ದಾರಿಯೇ ಇರಲಿಲ್ಲ.

“ವೈನಿ, ಆ ಗಾಡಿ ನಿಮ್ಮ ಜೀವಾ ತಗೀತೈತಿ. ಐತಾರ ನಾ ಬರ್ತೀನಿ. ಪಡಾ ಯಾರಿಗರೆ ಗುತ್ತಿಗಿ ಕೊಟ್ಟ ಬಿಡೂಣು. ನೀವು ನಮ್ಮ ಮನ್ಯಾಗ ಆರಾಮ ಇರ್ರಿ. ಮ್ಯಾಲಿನ ಖೋಲಿ ಖಾಲಿನೇ ಐತಿ.”

“ಮ್ಯಾಲಿನ ಖೋಲಿ?” ಎಂದಳು ಕಾಕು. “ಈ ಮೊಣಕಾಲ ತಗೊಂಡ ಒಮ್ಮಿ ಏರಿದ್ರ ನನ್ನ ಇಳಸಾಕ ನಾಕ ಮಂದಿ ಬೇಕಾಗ್ತಾರ, ಸುರೇಂದ್ರ. ಹೆಂಗ ಇಳಸ್ತಾರ ಗೊತ್ತೈತ್ಯಲ್ಲ?”

ಕೆಟ್ಟವನಲ್ಲ ಅವನು, ಕಬ್ಬಿನ ರೈತ. ಹಚ್ಚಿ ಬಿಟ್ಟರೆ ಬೆಳೆ ತಾನೇ ನಿಂತುಕೊಳ್ಳುತ್ತದೆ ಎಂದು ನಂಬಿದವನು, ದಿನಾ ಮೈದಡವುವ ದ್ರಾಕ್ಷಿಯ ಗೋಳು ಅವನಿಗೇನು ಗೊತ್ತು? “ಆತು ವೈನಿ. ಐತಾರದೊಳಗ ಗಾಡಿ ನೆಟ್ಟಗಾತು ಅಂದ್ರ ನಾ ಮಾತ ಎತ್ತೂದಿಲ್ಲ. ಆಗಲಿಲ್ಲಂದ್ರ ನೀವೂ ಎತ್ತಬಾರ್ದು.”

ಕಾಕು ಫೋನು ಇಟ್ಟಳು. ಮತ್ತೆ ನನ್ನ ಕಡೆ ಅದೇ ನೋಟ. ಗುರುವಾರ ಸಂಜೆ ಅದು. ಅವಳಿಗೆ ಏಕಸಂಬಿಯ ಮೇಲಿನ ಖೋಲಿ, ನನಗೆ ಆ ನೋಟ. ಇಬ್ಬರಲ್ಲಿ ಹೆಚ್ಚು ಸಿಕ್ಕಿಬಿದ್ದವರು ಯಾರು, ಹೇಳು?

ಶುಕ್ರವಾರವೆಲ್ಲ ಯೋಚಿಸುತ್ತ ಕೂತಾಗ ನೀನು ಒಮ್ಮೆ ಗೌಸನನ್ನು ಬೈದದ್ದು ನೆನಪಾಯಿತು. ಯಾವುದೋ ಪಂಪ್‌ಸೆಟ್ಟಿನ ಸಪ್ಪಳ ಕೇಳಿ ಅವನು ಒಂದಾದ ಮೇಲೊಂದು ಹೆಸರು ಹೇಳುತ್ತಿದ್ದ. ನೀನು ಅಂದೆ, “ಎಂಥಾ ಸಪ್ಪಳ ಅಂತ ಕೇಳಬ್ಯಾಡ. ಯಾವಾಗ ಸಪ್ಪಳ ಅಂತ ಕೇಳು.” ಅಂದು ನಾನು ಅದನ್ನು ನಗೆಬರಹದಲ್ಲಿ ಸೇರಿಸಿ, ಗಂಡ ಹೆಂಡತಿಯ ಜಗಳಕ್ಕೆ ಅನ್ವಯಿಸಿ, ಮರೆತುಬಿಟ್ಟಿದ್ದೆ. ಈಗ ಕೇಳಿಕೊಂಡೆ: ಯಾವಾಗ? ಗೌಸನ ಗ್ಯಾರೇಜಿನಲ್ಲಿ ಇಲ್ಲ, ಅಂಗಳದಲ್ಲಿ ಇಲ್ಲ. ಪಡದಲ್ಲಿ ಮಾತ್ರ. ಪಡದಲ್ಲಿ ಇದ್ದು ಬೇರೆಲ್ಲೂ ಇಲ್ಲದ್ದು ಏನು? ತುಂಬಿದ ಟಾಕಿ!

ಶನಿವಾರ ಮುಂಜಾನೆ ಟಾಕಿಗೆ ಗಂಟಲ ಮಟ್ಟ ನೀರು ತುಂಬಿ, ನಾನೇ ಸೀಟಿನ ಮೇಲೆ ಕೂತೆ. ಕಾಕು ಸಾಲಿನ ಬಾಯಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಳು. ಎಡಕ್ಕೆ ತಂತಿ, ಬಲಕ್ಕೆ ತಂತಿ, ತಲೆಯ ಮೇಲೆ ಬಳ್ಳಿ. ಸಾಲಿನ ನಡುವೆ, ನೆಲ ಸ್ವಲ್ಪ ಏರುವಲ್ಲಿ, ಬಂತು: ಟಿಣ್. ಟಿಣ್. ಟಿಣ್. ನಾನು ಬ್ರೇಕು ಒತ್ತಿ, ಎಂಜಿನ್ನು ಆರಿಸಿ, ಎರಡೂ ಕಾಲುಗಳನ್ನು ಮೇಲೆತ್ತಿಕೊಂಡೆ.

“ಏನಾತೋ?” ಕಾಕುವಿನ ಕೂಗು.

“ಸಪ್ಪಳ ಬಂತ ಕಾಕು!”

“ಬಂದ್ರ ಚಲೋ ಆತಲ್ಲ! ಅದನ್ನ ಹುಡುಕಾಕ ಹೋಗಿ, ಅದನ್ನ ಕಂಡ ಅಂಜತೀಯಲ್ಲೋ!”

“ಮುಂದ ಹೋದ್ರ ರಾಡ್ ಹೊರಗ ಬರತೈತಿ ಅಂದಾರ. ಹಿಂದ ಬರಾಕ ರಿವರ್ಸ್ ಇಲ್ಲ. ದೂಕಾಕ ಟಾಕಿ ತುಂಬೇತಿ.”

ಕಾಕು ಕೂಗಿದಳು, “ಹಂಗಾರ ಅಲ್ಲೇ ಇರು. ಊಟಾ ಕಳಸ್ತೀನಿ.”

ಕಾಕಾ, ಮನುಷ್ಯನಿಗೆ ಮುಂದೂ ಇಲ್ಲ ಹಿಂದೂ ಇಲ್ಲ ಎಂದಾದಾಗ ಉಳಿಯುವುದು ಕೆಳಗೆ. ಇಳಿದೆ. ಅಂಗಿ ಬಿಳಿಯದು ಎಂಬುದನ್ನು ಮರೆತು ಗಾಡಿಯ ಅಡಿಗೆ ತೆವಳಿದೆ. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಚೈನು ಟಾಕಿಯ ಭಾರಕ್ಕೆ ಸಡಿಲಗೊಂಡು ಹೊಟ್ಟೆ ಇಳಿಬಿಟ್ಟಿತ್ತು. ಆ ಹೊಟ್ಟೆಯ ಸರಿ ಕೆಳಗೆ, ಒಂದು ಬೆರಳಿನ ಅಂತರದಲ್ಲಿ, ಅಂಗೈಯಗಲದ ಹಿತ್ತಾಳೆಯ ಪಟ್ಟಿ, ಅಚ್ಚುಕಟ್ಟಾಗಿ ರಿವೆಟ್ ಹೊಡೆದು ಕೂಡಿಸಿದ್ದು. ಕೈಯಿಂದ ಚೈನು ಅಲ್ಲಾಡಿಸಿದೆ. ಟಿಣ್.

ಅಂದರೆ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಚೈನು ಸಡಿಲಾದರೆ ಕಳಚಿ ಗಾಲಿಗೆ ಸುತ್ತಿಕೊಂಡು ಗಾಡಿ ಮಗುಚುತ್ತದೆ ಎಂದು ನಿನಗೆ ಗೊತ್ತಿತ್ತು. ಕಾಕು ಬಗ್ಗಿ ಚೈನು ನೋಡುವವಳಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ಚೈನು ತಾನೇ ಕೂಗಿ ಹೇಳುವ ಹಾಗೆ ಮಾಡಿ ಇಟ್ಟಿದ್ದೆ. ಹೇಳುವುದಕ್ಕೆ ಮೊದಲೇ ನೀನು… ಇರಲಿ. ನನ್ನನ್ನು ಚುಚ್ಚಿದ್ದು ಇನ್ನೊಂದು. ಅಂದು ನೀನು ಆ ಪಟ್ಟಿ ಕೂಡಿಸುವಾಗ “ಬ್ಯಾಟರಿ ನೆಟ್ಟಗ ಹಿಡಿಲೇ” ಎಂದು ಬೈದದ್ದು ನನಗೇ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಫೋನು. ಬೆಳಕು ಬಿಟ್ಟೆ, ನೋಡಲಿಲ್ಲ. ನೋಡಿದ್ದರೆ ಗೌಸ ಎರಡು ಸಲ ಎಂಜಿನ್ನು ಬಿಚ್ಚುತ್ತಿದ್ದನೇ? ಕಾಕು ಇಷ್ಟು ದಿನ ಸಡಿಲ ಚೈನಿನ ಮೇಲೆ ಕೂತು ತಿರುಗುತ್ತಿದ್ದಳೇ?

ಪಟ್ಟಿಯ ಮೇಲೆ ಏನೋ ಚುಕ್ಕಿ ಚುಕ್ಕಿ ಕಂಡಿತು. ಒರೆಸಿದೆ. ಪಾತ್ರೆಗಳ ಮೇಲೆ ಹೆಸರು ಹೊಡೆಸುತ್ತಾರಲ್ಲ, ಆ ಅಕ್ಷರಗಳು, ಅರ್ಧಕ್ಕೆ ಕತ್ತರಿಸಿದವು.

“ಕಾಕು, ಇಲ್ಲಿ ‘ವ್ವಗ ತವರಿ’ ಅಂತ ಹೊಡದೈತಿ!”

ಸಾಲಿನ ಬಾಯಲ್ಲಿ ಬಕೆಟ್ಟು ಉರುಳಿದ ಸದ್ದು. ಮೊಣಕಾಲು ನೋವಿನ ಹೆಂಗಸು ಅಷ್ಟು ಬೇಗ ಬಂದದ್ದನ್ನು ನಾನು ಕಂಡಿಲ್ಲ. “ಪದ್ಮವ್ವಗ ತವರಿನವರಿಂದ! ನನ್ನ ಮದವಿ ತಾಟ ಅದು! ಬಾಜೂ ಮನಿ ಶಾಂತವ್ವ ಒಯ್ದಾಳ ಅಂತ ಒಂದೂವರಿ ವರ್ಷ ಆಕಿನ ಮಾತಾಡ್ಸಿಲ್ಲೋ ನಾನು!”

ಏನಿದು ಎಂದು ವಿವರಿಸಿದೆ. ತುಂಬಿದ ಟಾಕಿ, ಸಡಿಲ ಚೈನು, ಪಟ್ಟಿಯ ಕೂಗು, ಎಲ್ಲ. ಅವಳು ತಂತಿ ಹಿಡಿದು ನಿಂತೇ ಕೇಳಿದಳು. ಮುಖ ಅತ್ತ ತಿರುಗಿಸಿಕೊಂಡಳು. ಆಮೇಲೆ ಅಂದದ್ದನ್ನು ಅಕ್ಷರಶಃ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ: “ಬದುಕಿದ್ದಾಗ ಬಾಯಿ ಬಿಟ್ಟ ಒಂದ ಮಾತ ಹೇಳಲಿಲ್ಲ ಈ ಮನಷ್ಯಾ. ಈಗ ನನ್ನ ತಾಟ ಬಡದ ಹೇಳಾಕತ್ತಾನ.”

ಗೌಸನಿಗೆ ಫೋನು ಮಾಡಿದೆ. ಬಂದವನು ಪಟ್ಟಿ ನೋಡಿ ಹಣೆ ಬಡಿದುಕೊಂಡ: “ಯಾ ಅಲ್ಲಾ! ಎಂಜಿನ್ನಿನ ಹೊಟ್ಟಿ ಎರಡ ಸಲ ಕೊಯ್ದೀನಿ, ರೋಗ ನೋಡಿದ್ರ ಹೊರಗ ಚೈನಿನ್ಯಾಗ!” ಚೈನು ಬಿಗಿ ಮಾಡಿದ, ಸಪ್ಪಳ ನಿಂತಿತು. ಪಟ್ಟಿ ತೆಗೆಯಲೇ ಎಂದು ಕೇಳಿದ್ದಕ್ಕೆ ಕಾಕು ಕೊಟ್ಟ ನೋಟಕ್ಕೆ ಅವನು ನಟ್ಟು ತಿರುಗಿಸುವ ಪಾನಾವನ್ನು ಚೀಲಕ್ಕೆ ಹಾಕಿಕೊಂಡ.

ಐತಾರ ಸುರೇಂದ್ರ ಬಂದ, ವೈನಿಯ ಬಟ್ಟೆಬರೆ ತುಂಬಿಕೊಳ್ಳಲು ಒಂದು ಖಾಲಿ ಟ್ರಂಕು ಹಿಡಿದು. ಕಾಕು ಆಗಲೇ ಪಡದೊಳಗಿದ್ದಳು. ಕರೆದರೆ ಕೇಳಿಸದು, ಕೇಳಿಸಿದರೂ ಬರುವವಳಲ್ಲ. ಅವನು ಬದುವಿನ ಮೇಲೆ ಟ್ರಂಕು ಇಟ್ಟು ಅದರ ಮೇಲೇ ಕೂತ. ಅವಳು ಒಂದು ಸಾಲು ಹೊಕ್ಕು ಇನ್ನೊಂದರಿಂದ ಹೊರಬಿದ್ದಾಗಲೆಲ್ಲ ಅವನು ಏಳುತ್ತಿದ್ದ, ಅವಳು ಕೈ ಬೀಸಿ ಮುಂದಿನ ಸಾಲು ಹೊಗುತ್ತಿದ್ದಳು. ಔಷಧಿ ಹೊಡೆದು ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಮೂಗಿನ ಬಟ್ಟೆ ಬಿಚ್ಚುತ್ತ ಬಂದಳು.

“ಆತ ಬಿಡ್ರಿ ವೈನಿ,” ಎಂದ ಅವನು. “ಮುಂದಿನ ವರ್ಷ ನೋಡೂಣು.”

“ನೋಡೂಣು. ಆವಾಗ ಟ್ರಂಕ ತರಬ್ಯಾಡ. ಹಣ್ಣ ಒಯ್ಯಾಕ ಬುಟ್ಟಿ ತಾ.”

ಒಂದು ವರ್ಷ ಗೆದ್ದಳು, ಕಾಕಾ. ಪೂರ್ತಿ ಅಲ್ಲ; ಒಂದು ವರ್ಷ. ಶಾಂತವ್ವನ ಮನೆಗೆ ಹೋಗಿ ಚಹಾ ಕುಡಿದು ಬಂದಿದ್ದಾಳೆ, ತಾಟಿನ ವಿಷಯ ಮಾತ್ರ ಎತ್ತಿಲ್ಲ. ಬಿಡುಗಡೆ ಸಿಗದೇ ಉಳಿದವನು ನಾನೊಬ್ಬನೇ. ಸುದ್ದಿ ಹಬ್ಬಿ, ಈಗ ಕಾಗವಾಡದಿಂದ ಒಬ್ಬ ಬುಸ್ ಎನ್ನುವ ಟಿಲ್ಲರು ತಂದಿದ್ದಾನೆ, ರಾಯಬಾಗದವನದು ಗೊರಕೆ ಹೊಡೆಯುವ ಜೀಪು. ಬಾಗಿಲಲ್ಲಿ ನಿಂತು ಎಲ್ಲರನ್ನೂ “ಯಾವಾಗ?” ಎಂದು ಕೇಳುತ್ತೇನೆ. ಅವರು ಭಕ್ತಿಯಿಂದ ಯೋಚಿಸುತ್ತಾರೆ. ನಾಳೆಯಾದರೂ ನಿಜ ಹೇಳಿಬಿಡಬೇಕು… ನಾಳೆ.

ಒಂದು ಮಾತು ಕೊಡುತ್ತೇನೆ. ಅಮಾವಾಸ್ಯೆಗೊಮ್ಮೆ ನಾನೇ ಗಾಡಿಯ ಅಡಿ ಮಲಗಿ ಆ ಚೈನು ಬಿಗಿ ಮಾಡುತ್ತೇನೆ, ಫೋನು ಮನೆಯಲ್ಲಿಟ್ಟು ಬಂದು. ಗೌಸ ಕೈಹಿಡಿದು ಕಲಿಸಿದ್ದಾನೆ. ಆದರೆ ಹಿಂದಿನ ಗಾಲಿಯ ನಟ್ಟಿಗೆ ಇಪ್ಪತ್ನಾಲ್ಕು ನಂಬರಿನ ಪಾನಾ ಬೇಕು. ನಿನ್ನ ಶೆಡ್ಡಿನ ಹಲಗೆಯಲ್ಲಿ ಅದನ್ನು ತೂಗುಹಾಕುವ ಮೊಳೆ ಮಾತ್ರ ಖಾಲಿ ಇದೆ. ಬರುವ ಅಮಾವಾಸ್ಯೆಗೆ ಇನ್ನು ಐದೇ ದಿನ. ಎಲ್ಲಿಟ್ಟಿದ್ದೀ, ಅಷ್ಟು ಹೇಳಿಬಿಡು.