ಊದದವನ ಕೈಯಲ್ಲಿ ಕಡ್ಡಿ

೧೧ ಜುಲೈ ೧೯೩೮, ಸವಣೂರು. ಬೆಳಿಗ್ಗೆ

ತಪ್ಪಾಯಿತು, ಬರೆಯುತ್ತಿದ್ದೇನೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ಡೈರಿ ಬರೆಯುವವರನ್ನು ಕಂಡು ನಗುತ್ತಿದ್ದವನು ನಾನೇ. ಆದರೆ ಇಲ್ಲಿ ಯಾರಿಗೆ ಹೇಳಲಿ? ಸ್ವರದ ಹಾಳೆ ಇಡುವ ಸ್ಟ್ಯಾಂಡುಗಳನ್ನು ಸಾಲಾಗಿ ಇಟ್ಟು ಬಂದೆ. ಇನ್ನು ಪ್ರಾಕ್ಟೀಸ್. ಬಿ.ಎ. ಮುಗಿಸಿ ಮತ್ತೆ ಫಸ್ಟ್ ಇಯರ್ — ಬ್ಯಾಂಡ್ ನಡೆಸುವ ವಿದ್ಯೆಗೆ. ಪಲ್ಟನ್ನಿನ ಬ್ಯಾಂಡಿನಿಂದ ರಿಟೈರಾದ ದಾವಲಸಾಬ ಮಾಸ್ತರರ ಕ್ಲಾಸು. ಸ್ಕೋರ್ ಅಂದರೆ ಒಂದೇ ಪುಟದಲ್ಲಿ ಎಲ್ಲ ವಾದ್ಯಗಳ ಸಾಲು, ಒಟ್ಟಿಗೇ ಓದಬೇಕು! ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗಿರುತ್ತವೆ. ವೆರಿ ನರ್ವಸ್.

ಸಂಜೆ

ಮಾಸ್ತರರು ಬ್ಯಾಂಡ್ ನಡೆಸುವ ಕಡ್ಡಿ ಎತ್ತಿದರು. ಎಲ್ಲರೂ ಒಮ್ಮೆಲೇ ಉಸಿರು ಎಳೆದುಕೊಂಡರು. ಇನ್ನೂ ಸಪ್ಪಳವೇ ಇಲ್ಲ, ಆದರೂ ಕೋಣೆ ಹಿಗ್ಗಿದಂತೆ... ಆಮೇಲೆ ನಾದ. ಬೆಂಚು ನಡುಗಿತು. ಎದ್ದು ನಿಂತುಬಿಟ್ಟಿದ್ದೆ. ಯಾವಾಗ ಎದ್ದೆನೋ.

೨೩ ಜುಲೈ

ಎಲ್ಲರೂ ಊದುತ್ತಾರೆ. ನಾನು ಮಾತ್ರ ತಪ್ಪಿಸಿಕೊಳ್ಳುತ್ತಿದ್ದೇನೆ. ವಾದ್ಯಗಳು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ. ಎಂಜಲು. ಹಾನಗಲ್ಲಿನಿಂದ ಹೊರಡುವಾಗ ಅಪ್ಪ ಪೂಜೆಯಿಂದ ಎದ್ದು ಬಂದು ಹೇಳಿದ್ದರು: "ವಾದಿರಾಜ, ಕೈಯಾಗ ಕಡ್ಡಿ ಹಿಡಿ, ಬ್ಯಾಡ ಅನ್ನೂದಿಲ್ಲ. ಮಂದಿ ಊದಿದ್ದನ್ನ ಬಾಯಿಗೆ ಹಚ್ಚಿದಿ ಅಂದ್ರ ಈ ಮನಿ ಪಂಕ್ತಿಗೆ ಬರಬ್ಯಾಡ."

ಪ್ರಾಮಿಸ್ ಮಾಡಿ ಬಂದಿದ್ದೇನೆ.

ಮಾಸೂರಿನ ಮಂಜಪ್ಪ, ನಮ್ಮಲ್ಲಿ ಮೊದಲನೇ ಕ್ಲಾರಿನೆಟ್ ಊದುವವನು, ಬಿಡುತ್ತಾನೆಯೇ? "ಆಚಾರ್ರ, ರುಚಿ ನೋಡದನ ಬಡಸಾಕ ನಿಂತೀರಲ್ಲರಿ!"

"ನಮ್ಮನ್ಯಾಗ ಹಂಗ ಬಡಸ್ತಾರಪಾ. ನೈವೇದ್ಯದ ಅಡಗಿ."

ಇನ್ನೂ ಜೋರಾಗಿ ನಕ್ಕ.

೧೪ ಆಗಸ್ಟ್

ಮೊದಲ ಸಲ ಕಡ್ಡಿ ನನ್ನ ಕೈಗೆ. ನಿಧಾನ ಲಯದ ಒಂದು ಗತ್. ಕೊನೆಯ ಸ್ವರ ಬಂತು; ನಾನು ಕೈ ಇಳಿಸುವವರೆಗೂ ಎಲ್ಲರೂ ಅದನ್ನು ಊದುತ್ತಲೇ ಇರಬೇಕು. ಕೈ ಮೇಲೇ ಇತ್ತು, ಅಷ್ಟೂ ನಾದ ಕೈಯ ತುದಿಯಲ್ಲೇ ನಿಂತಿತ್ತು. ನಾನು ಹಿಡಿದು ನಿಲ್ಲಿಸಿದ್ದು! ಇಳಿಸಲು ಮನಸ್ಸೇ ಬರಲಿಲ್ಲ... ಮಂಜಪ್ಪನ ಕುತ್ತಿಗೆಯ ನರ ಉಬ್ಬಿದ್ದು ಕಂಡೆ. ಅದೂ ಚಂದ ಅನ್ನಿಸಿತು. ಛೀ. ಅವನು ಸ್ಟ್ಯಾಂಡಿನ ಮೇಲೆ ಕುಸಿದುಬಿದ್ದ.

ನೀರು ಚಿಮುಕಿಸಿದ ಮೇಲೆ ಎದ್ದ. ಸಿಟ್ಟೇ ಇಲ್ಲ. "ನಿಮ್ಮ ಕೈ ಇಳೀಲಿಲ್ಲಲ್ಲರಿ. ನಾ ಹೆಂಗ ಬಿಡ್ಲಿ?"

ಮಾಸ್ತರರು ಕಡ್ಡಿ ಕಸಿದುಕೊಂಡರು. "ಇವರ ಉಸಿರ ನಿನ್ನ ಕೈಯಾಗ ಇರತೈತಿ, ಬೇಟಾ. ಅದು ಎಷ್ಟ ಐತಿ ಅಂತ ಗೊತ್ತಿಲ್ಲದಾವ್ಗ ಕಡ್ಡಿ ಕೊಡೂದಿಲ್ಲ. ಊದು. ಇಲ್ಲಾ, ಊರಿಗೆ ಹೋಗು."



೩ ಸೆಪ್ಟೆಂಬರ್

ಊದಿದೆ.

ಮಂಜಪ್ಪನದೇ ಕ್ಲಾರಿನೆಟ್. ಅವನೇ ಹಿಂದೆ ಸರಿದ: "ಬ್ಯಾಡ್ರಿ, ನಿಮ್ಮ ಅಪ್ಪಾರು ನನಗ ಬೈತಾರ." ಧೋತರದಿಂದ ಒರೆಸತೊಡಗಿದ. ಕೈಯಿಂದ ಕಿತ್ತುಕೊಂಡೆ. ಮೊದಲು ಬರೀ ಗಾಳಿ. ಆಮೇಲೆ ಒಂದು ಕಿರುಚು. "ಕೋಳಿ ತುಳದ್ರೇನ್ರಿ, ಆಚಾರ್ರ?" ಎಂದ ಮಂಜಪ್ಪ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ — ಒಂದೇ ಒಂದು ಸ್ವರ. ಹಲ್ಲು, ತಲೆಬುರುಡೆ, ಎದೆಗೂಡು, ಎಲ್ಲವೂ ಅದೇ. ನಾದ ಹೊರಗಿನಿಂದ ಬರುವುದೆಂದೇ ತಿಳಿದಿದ್ದೆ ಇಷ್ಟು ದಿನ! ಉಸಿರು ತೀರುತ್ತ ಬಂತು. ಭಯ. ಕಣ್ಣು ಎದುರಿಗೆ ಎತ್ತಿ ಹಿಡಿದಿದ್ದ ಮಾಸ್ತರರ ಕೈಯನ್ನೇ ಹುಡುಕಿತು. ಅವರು ಕೈ ಇಳಿಸಿದರು, ಸರಿಯಾಗಿ ಆಗಲೇ. ಒಂದು ಕೈಗೆ ಅಷ್ಟು ದಯೆ ಇರಬಲ್ಲದೆಂದು ಗೊತ್ತಿರಲಿಲ್ಲ.

೪ ಸೆಪ್ಟೆಂಬರ್

ಮುಚ್ಚಿಡಬಹುದು. ಹಾನಗಲ್ಲಿಗೆ ಹೋಗಿ ಹೇಳುವವರು ಯಾರು? ಆದರೆ ಪಂಕ್ತಿಯಲ್ಲಿ ಕೂತು ಅಪ್ಪನ ಮುಖ ನೋಡಲಾರೆ. ಕಾಗದ ಬರೆಯಬೇಕು. ಮೊದಲು ಇಲ್ಲೇ ಬರೆದು ನೋಡುತ್ತೇನೆ —

ತೀರ್ಥರೂಪ ಅಪ್ಪನವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಮಂದಿ ಊದಿದ ವಾದ್ಯವನ್ನು ಬಾಯಿಗೆ ಹಚ್ಚಿದ್ದೇನೆ. ನಾಳೆಯೂ ಹಚ್ಚುತ್ತೇನೆ. ಅದಕ್ಕೇ ಪ್ರಾಯಶ್ಚಿತ್ತ ಕೇಳುತ್ತಿಲ್ಲ, ದಿನಾಲೂ ಮಾಡಿಕೊಳ್ಳಬೇಕಾದೀತು. ದಸರೆಗೆ ಬರಲೇ? ಒಳಗೆ ಕರೆಯದಿದ್ದರೆ ಹೊರಗೆ ಕಟ್ಟೆಯ ಮೇಲೆ ಉಣ್ಣುತ್ತೇನೆ. ನಿಮ್ಮನ್ನು ನೋಡಬೇಕಾಗಿದೆ. ಬಾ ಅನ್ನಿರಿ, ಬೇಡ ಅನ್ನಿರಿ, ಬೇಗ ಉತ್ತರ ಬರೆಯಿರಿ.