ಮೀಟರಿನ ಮುಳ್ಳು

ಶೆಬಾಯ್ಗನ್, ವಿಸ್ಕಾನ್ಸಿನ್
ಭಾನುವಾರ, ಆಗಸ್ಟ್ 9, 1987

ಮುದ್ದು ಜನೆಲ್,

ಅಮ್ಮ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಮೇಲೆ ಫೋನು ಎತ್ತಿದರೆ ಸಾಕು, ನಿಮ್ಮಪ್ಪ ನೆಲಮಾಳಿಗೆಯಲ್ಲಿ ಇನ್ನೊಂದನ್ನು ಎತ್ತಿ ನಡುವೆ ಬಾಯಿ ಹಾಕುತ್ತಾರೆ. ಇದು ಅವರೆದುರು ಆಡುವ ಮಾತಲ್ಲ.

ಸ್ಪೀಕರಿನ ವಿಷಯವೇ. ಈ ಮನೆಯಲ್ಲಿ ಇನ್ನೇನಿರುತ್ತದೆ! ನಿಮ್ಮಪ್ಪ ತಾವೇ ಕಟ್ಟಿದ, ಬಾಗಿಲಿನಷ್ಟು ಎತ್ತರದ ಆ ಎರಡು ಚೌಕಟ್ಟು, ಒಳಗೆ ಬಿಗಿದ, ಸಾವಿರಾರು ವೋಲ್ಟಿನ ಕರೆಂಟಿಗೆ ಅದುರಿ ಹಾಡುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಹತ್ತಿಯಿಂದ ತಿಕ್ಕುವ ಗ್ರಾಫೈಟ್ ಪುಡಿ. ಚಿಕ್ಕವಳಿದ್ದಾಗ ಮೂಗಿಗೆಲ್ಲ ಮೆತ್ತಿಕೊಂಡು ಓಡಾಡುತ್ತಿದ್ದೆಯಲ್ಲ, ಅದೇ. ತಿಕ್ಕುವುದು ಅವರು, ಅಳೆಯುವುದು ನಾನು. ಎರಡು ತಾಮ್ರದ ಪಟ್ಟಿಗಳನ್ನು ಹಾಳೆಯ ಮೇಲೆ ಒತ್ತಿ ಮೀಟರಿನ ಹಿಡಿ ತಿರುಗಿಸಿದರೆ, ಮುಳ್ಳು ಅಲುಗಿತೋ ಇಲ್ಲವೋ ಅನ್ನುವಷ್ಟೇ ಅಲುಗಬೇಕು. "ಕರೆಂಟು ಹರೀಬೇಕು ಕಣೇ, ಆದ್ರೆ ಹರೀತಿದೀನಿ ಅಂತ ಅದಕ್ಕೇ ಗೊತ್ತಾಗ್ಬಾರ್ದು" ಎಂದು ನಗುತ್ತಿದ್ದರು. ಲೇಪ ಹಾಗೆ ಬಡಕಲಾಗಿದ್ದರೆ ಅಕಸ್ಮಾತ್ ಬೆರಳು ತಗುಲಿದರೂ ಚುರುಕ್ ಎಂದು ಸುಮ್ಮನಾಗುತ್ತದೆ. ದಪ್ಪವಾದರೆ ಇಡೀ ಹಾಳೆಯ ಕರೆಂಟು ಒಂದೇ ಏಟಿಗೆ ನುಗ್ಗುತ್ತದೆ.

ಈಗ ಮುಳ್ಳು ಅರ್ಧ ದಾಟುತ್ತಿದೆ, ಜನೆಲ್.

ಕಳೆದ ಥ್ಯಾಂಕ್ಸ್‌ಗಿವಿಂಗಿಗೆ ನೀನು ಬಂದಾಗ, ಟರ್ಕಿ ಊಟ ಮುಗಿದದ್ದೇ ನಿನ್ನನ್ನು ಕೆಳಗೆ ಕೂರಿಸಿ ಪಿಟೀಲಿನ ರೆಕಾರ್ಡು ಹಾಕಿದರು. "ಮಂಕಾಗಿದೆ ಅಲ್ವೇನಮ್ಮ?" ಅಂದರು. ನೀನು ಅವರ ಮುಖ ನೋಡಿ "ಹೌದಪ್ಪ, ಸ್ವಲ್ಪ" ಅಂದುಬಿಟ್ಟೆ. ಬೈಯಲು ಬರೆಯುತ್ತಿಲ್ಲ. ಆ ಮುಖ ನೋಡಿದ್ದರೆ ಯಾರಾದರೂ ಹಾಗೇ ಅನ್ನುತ್ತಿದ್ದರು. ಆದರೆ ನಿನ್ನ ಕಿವಿ ಹೇಳಿದ್ದು ಅವರಿಗೆ ವೇದವಾಕ್ಯ. ಅಂದಿನಿಂದ ಸದ್ದು ಜೋರಾಗಲೆಂದು ಪುಡಿ ತಿಕ್ಕಿದ್ದೇ ತಿಕ್ಕಿದ್ದು. ನಾನು ಮುಳ್ಳು ತೋರಿಸಿದರೆ "ಆ ಮೀಟರಿಗೂ ವಯಸ್ಸಾಯ್ತು, ನಿನ್ ಥರಾನೇ" ಅನ್ನುತ್ತಾರೆ. ಸಾಲದ್ದಕ್ಕೆ ಮುಚ್ಚಿಹೋದ ಯಾವುದೋ ಬಾರಿನ ನಿಯಾನ್ ಬೋರ್ಡಿನಿಂದ ಹಳೆಯದಕ್ಕಿಂತ ಎಷ್ಟೋ ಪಾಲು ಬಲವಾದ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದ್ದಾರೆ. ಕರೆಂಟಿಗೆ ಕಡಿವಾಣವಾಗಿದ್ದ ರೆಸಿಸ್ಟರನ್ನು ದಾರಿಗೆ ಅಡ್ಡ ಎಂದು ಕಿತ್ತು ಬಿಸಾಕಿದ್ದಾರೆ. ಜೀವಮಾನವೆಲ್ಲ ಟೀವಿ ರಿಪೇರಿ ಮಾಡಿದ ಮನುಷ್ಯ ಕಣೇ! ಟೀವಿಯ ಹಿಂದೆ ಕೈ ಹಾಕಬೇಡಿ ಎಂದು ಬೀದಿಯವರನ್ನೆಲ್ಲ ಗದರುತ್ತಿದ್ದವರು.

ಕಳೆದ ವಾರ ಡುವೇನ್ ಬಂದಿದ್ದ. ಅವನೂ ಇಂಥವೇ ಸ್ಪೀಕರು ಕಟ್ಟುವವನು, ನಿನಗೆ ಗೊತ್ತಲ್ಲ. ಒಂದು ನಿಮಿಷ ಕೇಳಿ ಎರಡೂ ಕಿವಿ ಮುಚ್ಚಿಕೊಂಡು "ಲೋ ಮರ್ಲಿನ್, ತಲೆ ಸೀಳಿಹೋಗ್ತಿದೆ, ಆರಿಸೋ ಮಾರಾಯ!" ಅಂದ. ಇವರು "ಸುಮ್ನಿರೋ, ಇನ್ನೂ ಬಾಯೇ ಬಿಟ್ಟಿಲ್ಲ ಅದು" ಅಂದರು. ಹೊರಡುವಾಗ ಡುವೇನ್ ಕಾರಿನ ಹತ್ತಿರ ನನ್ನನ್ನು ನಿಲ್ಲಿಸಿ, "ಅರ್ಡಿಸ್, ಸ್ಪೀಕರಿಗೆ ಏನೂ ಆಗಿಲ್ಲ. ಹೋಗಿರೋದು ಅವನ ಕಿವಿ. ನನ್ನ ಬಾಯಲ್ಲಂತೂ ಅದು ಬರಲ್ಲ" ಅಂದ. ಆಮೇಲೆ ಅವನ ಸುದ್ದಿಯೇ ಇಲ್ಲ.

ಮೊನ್ನೆ ಕಸ ತೆಗೆಯಲು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಸ್ಪೀಕರಿನ ಹತ್ತಿರ ಹೋದೆ. ಚಟ್ಟೆಂದು ನೀಲಿ ಕಿಡಿ ಅದರ ಕೊಳವೆಗೆ ಹಾರಿತು. ಕಾರ್ಪೆಟ್ಟು ಸುಟ್ಟಿದೆ, ಅಷ್ಟೇ. ಬರೆಯುತ್ತಿದ್ದೇನಲ್ಲ, ಕೈ ಸರಿಯಾಗಿಯೇ ಇದೆ ಎಂದು ತಿಳಿದುಕೋ. ಇವರು "ಆಗಸ್ಟಿನ ತೇವ ಕಣೇ, ಏನೂ ಆಗಲ್ಲ" ಅಂದರು. ತೇವ ನಿಜವೇ. ಸರೋವರದ ಮಂಜು ದಡ ಹತ್ತಿದ ದಿನ ನಮ್ಮ ನೆಲಮಾಳಿಗೆಯ ಗೋಡೆಗಳೂ ಬೆವರುತ್ತವೆ. ಅಲ್ಲಿ ಇವರು ಬರಿಗಾಲಲ್ಲಿ ನಿಂತಿರುತ್ತಾರೆ.

ನನಗೆ ಭಯವಾಗುತ್ತಿದೆ. ನೀನೇ ಹೇಳಬಾರದಾ ಅನ್ನುತ್ತೀಯ. ಹೇಳಿದೆ. "ನಿನಗೆ ಮೊದಲಿಂದ್ಲೂ ಇದನ್ನ ಕಂಡ್ರಾಗಲ್ಲ" ಎಂದು ಎರಡು ದಿನ ಮಾತು ಬಿಟ್ಟರು. ಬರುವ ಶನಿವಾರ ಬಾ. ಕೆಳಗೆ ಕೂತು ಕೇಳು. ಕೇಳಿ, "ಅಪ್ಪ, ಅದು ಚೆನ್ನಾಗೇ ಇದೆ, ನಿನ್ನ ಕಿವಿ ಮಂದವಾಗಿದೆ" ಎಂದು ಬಾಯಿಬಿಟ್ಟು ಹೇಳು. ಅತ್ತರೆ ಅಳಲಿ. ಅಳುವ ಗಂಡನನ್ನು ನಾನು ಹೇಗೋ ಸಂಭಾಳಿಸುತ್ತೇನೆ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ತಾ.ಕ.: ಹೆಸರು ಹಾಕುವಷ್ಟರಲ್ಲಿ ಕೆಳಗೆ ಪಿಟೀಲು ತಟ್ಟನೆ ನಿಂತಿತು. ಅಡುಗೆಮನೆಯ ದೀಪವೂ ಒಮ್ಮೆ ಮಂಕಾಗಿ ಮತ್ತೆ ಹೊತ್ತಿತು. ಮೆಟ್ಟಿಲ ತುದಿಯಲ್ಲಿ ನಿಂತು ಮರ್ಲಿನ್ ಎಂದು ಕೂಗಿದೆ. ಮತ್ತೊಮ್ಮೆ ಕೂಗಿದೆ. ಉತ್ತರವಿಲ್ಲ. ಈಚೆಗೆ ಎಷ್ಟು ಕೂಗಿದರೂ ಅವರಿಗೆ ಕೇಳಿಸುವುದಿಲ್ಲ, ಅದೇ ಇರಬೇಕು. ಕೆಳಗೆ ಹೋಗಿ ನೋಡಿ ಬಂದು ಲಕೋಟೆ ಅಂಟಿಸುತ್ತೇನೆ.